ಊಟವಾದ ಮೇಲೆ ನುಂಗುವ ಗುಳಿಗೆ

ಮಗಳೇ, ಸಾರ್ವಜನಿಕ ಆರೋಗ್ಯದ ಓದಿಗೆ ಸೇರಿದ್ದೀಯ, ಬಡವರ ಕಾಯಿಲೆಗಳ ಮೇಲೇ ಪ್ರಬಂಧ ಬರೆಯುತ್ತೀಯ ಎಂದು ನಿನ್ನಮ್ಮ ಹೇಳಿದಾಗ ಎದೆ ತುಂಬಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ‘ನಿರ್ಲಕ್ಷಿತ ಉಷ್ಣವಲಯದ ರೋಗಗಳು’ ಎಂದು ಮಾಡಿರುವ ಪಟ್ಟಿಯಲ್ಲಿ ಕುಷ್ಠ, ಕಾಲಾ ಆಜಾರ್, ಹುಚ್ಚುನಾಯಿ ರೋಗ ಎಲ್ಲ ಇವೆ. 2017ರಲ್ಲಿ ಹಾವಿನ ಕಡಿತವೂ ಸೇರಿತು. ಅಷ್ಟನ್ನೂ ತಲೆಗೆ ಹಚ್ಚಿಕೊಳ್ಳಬೇಡ. ಆನೆಕಾಲು ರೋಗ ಒಂದನ್ನೇ ಹಿಡಿದು ಆಳಕ್ಕೆ ಇಳಿ. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಕಡೆ ಕಾಲು ಊದಿಸಿಕೊಂಡು ಕೂತವರು ಇನ್ನೂ ಇದ್ದಾರೆ. ದೂರ ಹೋಗಬೇಕಾಗಿಲ್ಲ.

ಈ ರೋಗ ತರುವ ಹುಳುವಿನ ಕಥೆಯನ್ನು ನಿನ್ನ ಪುಸ್ತಕವೇ ಹೇಳುತ್ತದೆ: ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ದುಗ್ಧನಾಳದಲ್ಲಿ ವರ್ಷಗಟ್ಟಲೆ ಬದುಕುವ ಹುಳು, ರಾತ್ರಿ ಹೊತ್ತು ರಕ್ತಕ್ಕೆ ಬರುವ ಅದರ ಮರಿಗಳು. ಅದನ್ನು ಚೆನ್ನಾಗಿ ಓದು. ಆದರೆ ಹಳ್ಳಿಗೆ ಹೋದಾಗ ಮೊದಲು ಕೇಳಬೇಕಾದದ್ದು ದಿನದ ಕೂಲಿ ಎಷ್ಟು, ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು.

ಯಾಕೆ ಹೇಳುತ್ತೇನೆ ಕೇಳು. ಈ ರೋಗ ಹರಡದಂತೆ ತಡೆಯಲು ಊರಿನವರೆಲ್ಲರಿಗೂ ಒಟ್ಟಿಗೆ ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಗುಳಿಗೆ ನುಂಗಿಸುತ್ತಾರೆ. ಬರಿಹೊಟ್ಟೆಯಲ್ಲಿ ಕೊಡಬಾರದು, ಕಣ್ಣೆದುರೇ ನುಂಗಿಸಬೇಕು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುವುದು ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಮನೆಯವರು ತೊಗರಿ ಹೊಲದಲ್ಲಿರುತ್ತಾರೆ. ಮನೆಯಲ್ಲಿದ್ದ ಮುದುಕಿಯ ಕೈಗೆ ಐದು ಜನರ ಗುಳಿಗೆ ಕೊಟ್ಟು ಬರುತ್ತಾಳೆ, ರಿಜಿಸ್ಟರಿನಲ್ಲಿ ಐದು ಟಿಕ್ಕು ಬೀಳುತ್ತದೆ. ಗುಳಿಗೆ ಗೂಡಿನಲ್ಲಿ ದೀಪದ ಪಕ್ಕ ಉಳಿಯುತ್ತದೆ. ಆಕೆಯನ್ನು ಬೈಯಬೇಡ. ಆಕೆಗೂ ಇಡೀ ಓಣಿ ಮುಗಿಸಬೇಕು, ಆಕೆಯ ದುಡಿಮೆಗೂ ಸಿಗುವುದು ಪುಡಿಗಾಸು. ಸಂಜೆ ಒಲೆ ಹೊತ್ತಿಸಿ ಊಟ ಮುಗಿದ ಮೇಲೆ ನೀನೇ ಒಮ್ಮೆ ಹೋಗಿ ನೋಡು.

“ನನಗೇನಾಗ್ಯಾದಂತ ಗುಳಿಗಿ ನುಂಗ್ಲಿ?” ಎಂದು ಗಟ್ಟಿಮುಟ್ಟಾದ ಗಂಡಸು ಕೇಳುತ್ತಾನೆ. ಅದು ಅಜ್ಞಾನ ಎಂದು ಬರೆದು ಮುಗಿಸಿಬಿಡಬೇಡ. ಮೈಯಲ್ಲಿ ಹುಳುವಿನ ಮರಿಗಳಿದ್ದವನಿಗೆ ಈ ಔಷಧಿಯಿಂದ ಅವು ಸಾಯುವಾಗ ಜ್ವರ, ತಲೆನೋವು, ವಾಂತಿ ಬರಬಹುದು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ, ನಿಜ. ಆದರೆ ಆ ಎರಡು ದಿನದ ಕೂಲಿ ಹೋಗುತ್ತದೆ. ಹೋದ ವರ್ಷ ಹಾಗಾದ ಪಕ್ಕದ ಮನೆಯವನನ್ನು ನೋಡಿದವನು ಈ ವರ್ಷ ಗುಳಿಗೆ ಬೇಡ ಎಂದರೆ, ಅವನು ತನ್ನ ಲೆಕ್ಕ ಹಾಕಿಯೇ ಹೇಳುತ್ತಿದ್ದಾನೆ. ಔಷಧಿ ಹೆಚ್ಚು ಬೇಕಾದವನಿಗೇ ನಷ್ಟವೂ ಹೆಚ್ಚು. ಇದನ್ನು ಸರಿಯಾಗಿ ಅಳೆದು ಬರೆದರೆ ನಿನ್ನ ಓದು ಸಾರ್ಥಕ.

ಕಾಲು ಊದಿದ ಮೇಲಿನ ಪಾಡು ಬೇರೆಯೇ. ಊತ ಪೂರ್ತಿ ಇಳಿಯದಿದ್ದರೂ ದಿನವೂ ಸಾದಾ ಸೋಪು ಹಚ್ಚಿ ತೊಳೆದರೆ ಜ್ವರ ಬಂದು ಕಾಲು ಕೆಂಪಾಗಿ ಉರಿಯುವುದು ಎಷ್ಟೋ ಕಡಿಮೆಯಾಗುತ್ತದೆ. ಮಡಿಕೆ ಮಡಿಕೆಯನ್ನೂ ಬಿಡಿಸಿ, ಬೆರಳ ಸಂದಿಗೆ ಸಣ್ಣ ಬಟ್ಟೆ ಹಾಯಿಸಿ, ಆಮೇಲೆ ಉಜ್ಜದೆ ಒತ್ತಿ ಒತ್ತಿ ಒಣಗಿಸಬೇಕು. ಸಂದಿಯಲ್ಲಿ ಹಸಿ ಉಳಿದರೆ ಅಲ್ಲೇ ಬಿರುಕು ಬಿಡುತ್ತದೆ, ಕೀವಿಗೆ ಅದೇ ದಾರಿ. ಹೇಳಿಕೊಡುವುದು ಸುಲಭ. ಆದರೆ ಆ ಕಾಲಿನಲ್ಲೇ ನಡೆದು ಹೋಗಿ ಕೊಡ ಹೊತ್ತು ತರುವ ಹೆಂಗಸಿಗೆ ಒಂದು ಬಕೆಟ್ ನೀರು ಅಂದರೆ ಏನು ಎಂದು ಅವಳ ಅಂಗಳದಲ್ಲಿ ಕೂತು ತಿಳಿದುಕೋ.

ಹೀಗೆಂದು ಬಡತನ ಹೋಗುವ ತನಕ ಏನೂ ಆಗದು ಎಂದು ಕೈಚೆಲ್ಲುವವರ ಮಾತಿಗೆ ಕಿವಿಗೊಡಬೇಡ. ಉತ್ತರ ಕರ್ನಾಟಕದ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳು. ಅದಕ್ಕೆ ಲಸಿಕೆಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ಹುಣ್ಣಿನ ಕಾಲನ್ನು ಜನ ಮೆಟ್ಟಿಲುಬಾವಿಯ ನೀರಿಗಿಡದಂತೆ ನೋಡಿಕೊಂಡರು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದರು, ಬೋರ್‌ವೆಲ್ ಕೊರೆದರು, ಮನೆಮನೆ ಸುತ್ತಿ ರೋಗಿಗಳನ್ನು ಹುಡುಕಿದರು. 1996ರಲ್ಲಿ ರಾಜಸ್ಥಾನದಲ್ಲಿ ಕಂಡವನೇ ದೇಶದ ಕೊನೆಯ ರೋಗಿ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಜನ ಆಗ ಶ್ರೀಮಂತರಾಗಿರಲಿಲ್ಲ.

ಕೊನೆಗೊಂದು ವಿಚಾರ. ಗಂಡಸರಲ್ಲಿ ಈ ಹುಳು ವೃಷಣಕ್ಕೂ ನೀರು ತುಂಬಿಸುತ್ತದೆ. ಅದನ್ನು ಅವರು ನಿನ್ನೆದುರು ಬಾಯಿಬಿಟ್ಟು ಹೇಳಲಾರರು, ಒಬ್ಬ ಗಂಡು ಸಹಪಾಠಿಯನ್ನು ಜೊತೆಗೆ ಕರೆದುಕೊಂಡು ಹೋಗು. ಇದಕ್ಕೆ ಆಪರೇಷನ್ ಇದೆ, ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೂ ಎಷ್ಟೋ ಮಂದಿ ಹೋಗುವುದಿಲ್ಲ, ಯಾಕೆಂದರೆ ಆಮೇಲೆ ಕೆಲವು ವಾರ ಭಾರ ಎತ್ತುವಂತಿಲ್ಲ. ಆ ವಾರಗಳಲ್ಲಿ ಮನೆ ಹೇಗೆ ನಡೆಯಿತು, ಸಾಲ ಯಾರ ಹತ್ತಿರ ತಂದರು, ಬಡ್ಡಿ ಎಷ್ಟು ಎಂಬುದಕ್ಕೆ ನಿನ್ನ ಪ್ರಶ್ನಾವಳಿಯಲ್ಲಿ ಒಂದು ಪುಟ ಬಿಡು. ನಿನ್ನ ಗೈಡು ಉದ್ದವಾಯಿತು ಎಂದರೆ ಬೇರೆ ಯಾವುದನ್ನಾದರೂ ಕತ್ತರಿಸು.