ಹಂಝಲರ ಸಂದೇಹ ಮತ್ತು ಆತ್ಮನಿಂದೆಯ ಮಿತಿ

ಆಸೆ, ಅಹಂಕಾರ, ಪಶ್ಚಾತ್ತಾಪಗಳೆಲ್ಲ ಹುಟ್ಟುವ ಒಳಮನಸ್ಸನ್ನು ಇಸ್ಲಾಮಿನ ನೀತಿಚಿಂತನೆ ನಫ್ಸ್ ಎನ್ನುತ್ತದೆ; ಕುರ್‌ಆನಿನ 12ನೇ ಅಧ್ಯಾಯದಲ್ಲಿ ಅದು ಕೆಡುಕಿಗೆ ಪ್ರೇರೇಪಿಸುವ ಶಕ್ತಿಯಾಗಿ ಬಂದರೆ, 75ನೇ ಅಧ್ಯಾಯದಲ್ಲಿ ತನ್ನನ್ನು ತಾನೇ ಆಕ್ಷೇಪಿಸಿಕೊಳ್ಳುವ ನಫ್ಸಿನ ಮೇಲೆ ಆಣೆಯಿಡಲಾಗಿದೆ. ಆಕ್ಷೇಪಿಸಿಕೊಳ್ಳುವ ಮನಸ್ಸಿಗೆ ಇಷ್ಟು ಗೌರವ ದೊರೆತಿರುವುದರಿಂದಲೇ, ತನ್ನನ್ನು ಹಳಿದುಕೊಂಡಷ್ಟೂ ಭಕ್ತಿ ಹೆಚ್ಚುತ್ತದೆಂಬ ಭಾವನೆ ಧರ್ಮನಿಷ್ಠರಲ್ಲಿ ಸುಲಭವಾಗಿ ಬೇರೂರುತ್ತದೆ. ಅನುಭವ ತೋರಿಸಿಕೊಡುವುದು ಬೇರೆಯದನ್ನೇ. ಫಜ್ರ್, ಅಂದರೆ ಬೆಳಗಿನ ಜಾವದ ನಮಾಜ್ ತಪ್ಪಿದಾಗ, ಎಚ್ಚರವಾದ ಕೂಡಲೇ ಅದನ್ನು ತೀರಿಸುವ ಬದಲು, ತನ್ನಂಥವನಿಗೆ ನಮಾಜೇ ಏಕೆಂದುಕೊಂಡು ಮಧ್ಯಾಹ್ನದ ಝುಹರನ್ನೂ ಕೈಬಿಡುವ ಮನಃಸ್ಥಿತಿ ಈ ಬರಹಗಾರ ಒಳಗಿನಿಂದಲೇ ಬಲ್ಲಂಥದ್ದು.

ಇದನ್ನು ಅರ್ಥಮಾಡಿಕೊಳ್ಳಲು ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿರುವ ಹಂಝಲರ ಪ್ರಸಂಗದಷ್ಟು ನೆರವಾಗುವುದು ವಿರಳ. ಪ್ರವಾದಿ ಮುಹಮ್ಮದರ ಲಿಪಿಕಾರರಲ್ಲೊಬ್ಬರಾಗಿದ್ದ ಈ ಸಹಾಬಿ, ಅಂದರೆ ಒಡನಾಡಿ, ಒಮ್ಮೆ ಇನ್ನೊಬ್ಬ ಸಹಾಬಿಯಾದ ಅಬೂಬಕರ್ ಅವರೆದುರು ತಾನು ಮುನಾಫಿಕ್ ಆಗಿಬಿಟ್ಟೆನೆಂದು ಅಲವತ್ತುಕೊಂಡರು. ಬಾಯಲ್ಲಿ ವಿಶ್ವಾಸ, ಎದೆಯಲ್ಲಿ ನಿರಾಕರಣೆ ಇಟ್ಟುಕೊಂಡ ಕಪಟಿಯೇ ಮುನಾಫಿಕ್; ಇದಕ್ಕಿಂತ ಕಠಿಣವಾದ ಹಣೆಪಟ್ಟಿಯನ್ನು ವಿಶ್ವಾಸಿಯೊಬ್ಬ ತನಗೆ ಅಂಟಿಸಿಕೊಳ್ಳುವುದು ಕಷ್ಟ. ಪ್ರವಾದಿಯವರ ಸನ್ನಿಧಿಯಲ್ಲಿ ಸ್ವರ್ಗನರಕಗಳು ಕಣ್ಣೆದುರಿಗೆ ಬಂದಂತಾಗುತ್ತವೆ, ಮನೆಗೆ ಮರಳಿ ಹೆಂಡತಿ, ಮಕ್ಕಳು, ಆಸ್ತಿಪಾಸ್ತಿಗಳಲ್ಲಿ ಮುಳುಗಿದಾಗ ಬಹುಪಾಲು ಮರೆತುಹೋಗುತ್ತದೆ ಎಂಬುದು ಅವರ ಅಳಲಾಗಿತ್ತು. ಅಬೂಬಕರ್ ಸಾಂತ್ವನದ ಮಾತಿಗೆ ಹೋಗದೆ, ತಮ್ಮ ಸ್ಥಿತಿಯೂ ಅದೇ ಎಂದು ಹೇಳಿ ಹಂಝಲರೊಂದಿಗೆ ಪ್ರವಾದಿಯವರ ಬಳಿಗೆ ನಡೆದರು. ಪ್ರಸಂಗದಲ್ಲಿ ಹೆಚ್ಚಿನವರು ಗಮನಿಸದ ಈ ನಡೆಯೇ ಬಹುಶಃ ಅದರ ಅತ್ಯಂತ ಮಾನವೀಯ ಭಾಗ. ಸನ್ನಿಧಿಯಲ್ಲಿನ ಸ್ಥಿತಿಯೇ ಸದಾ ಉಳಿದರೆ ದೇವದೂತರು ಹಾಸಿಗೆಯ ಬಳಿಗೂ ಹಾದಿಗೂ ಬಂದು ಕೈಕುಲುಕುತ್ತಿದ್ದರೆಂದೂ, ಆದರೆ ಮನುಷ್ಯನಿಗೆ ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಇರುತ್ತದೆಂದೂ ಪ್ರವಾದಿಯವರು ವಿವರಿಸಿದರು. ಹಂಝಲ ಗುರುತಿಸಿದ ಏರಿಳಿತ ನಿಜವಾಗಿತ್ತು, ಅದರಿಂದ ಅವರು ತಮ್ಮ ಮೇಲೆಯೇ ಕೊಟ್ಟುಕೊಂಡ ತೀರ್ಪು ಮಾತ್ರ ಸುಳ್ಳಾಗಿತ್ತು.

ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬನನ್ನು ಯಾರೋ ಶಪಿಸಿದಾಗ, ಅವನು ಅಲ್ಲಾಹನನ್ನೂ ಪ್ರವಾದಿಯನ್ನೂ ಪ್ರೀತಿಸುವವನೆಂದು ಹೇಳಿ ಪ್ರವಾದಿಯವರು ತಡೆದದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಶಿಕ್ಷೆ ರದ್ದಾಗಲಿಲ್ಲ, ಶಾಪಕ್ಕೆ ಮಾತ್ರ ಅವಕಾಶ ಸಿಗಲಿಲ್ಲ.

ಹಾಗೆಂದು ಆತ್ಮಪ್ರಶಂಸೆಗೂ ಇಲ್ಲಿ ಜಾಗವಿಲ್ಲ, ಏಕೆಂದರೆ ತನ್ನನ್ನು ಪರಿಶುದ್ಧನೆಂದು ಸಾರಿಕೊಳ್ಳುವುದನ್ನು ಕುರ್‌ಆನಿನ 53ನೇ ಅಧ್ಯಾಯ ನಿಷೇಧಿಸುತ್ತದೆ. ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಲಾಗಿದೆ ಎನ್ನುವ 95ನೇ ಅಧ್ಯಾಯದ 4ನೇ ವಚನವನ್ನು ಉತ್ಸಾಹದಿಂದ ಉದ್ಧರಿಸುವ ಭಾಷಣಕಾರರು, ಅವನು ಅಧಃಪತನಕ್ಕಿಳಿಯುವುದನ್ನು ಹೇಳುವ 5ನೇ ವಚನದ ಹೊತ್ತಿಗೆ ಮಾತು ಮುಗಿಸಿಬಿಡುವುದುಂಟು.

ಪಾಪದಿಂದ ಮರಳುವಿಕೆ ಎನಿಸಿದ ತೌಬಾಕ್ಕೆ ವಿದ್ವಾಂಸರು ಹೇಳುವ ಷರತ್ತುಗಳೆಂದರೆ ತಪ್ಪನ್ನು ನಿಲ್ಲಿಸುವುದು, ಅದಕ್ಕಾಗಿ ನೊಂದುಕೊಳ್ಳುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಇನ್ನೊಬ್ಬರ ಹಕ್ಕು ತನ್ನಲ್ಲಿ ಉಳಿದಿದ್ದರೆ ಅದನ್ನು ಹಿಂದಿರುಗಿಸುವುದು. ಪಡೆದ ಸಾಲವನ್ನು ತೀರಿಸದೆ ರಾತ್ರಿಯಿಡೀ ತನ್ನನ್ನು ನೀಚನೆಂದು ಹಳಿದುಕೊಂಡರೂ ನಾಲ್ಕನೆಯ ಷರತ್ತು ಬಾಕಿಯೇ ಉಳಿಯುತ್ತದೆ.