ಮಗುವಿನ ರಕ್ತದ ರಿಪೋರ್ಟು ಕೈಗೆ ಬಂದಾಗ

ಕುರ್ಡಿಯಿಂದ ಮಾನ್ವಿಗೋ ರಾಯಚೂರಿಗೋ ಹೋಗಿ ಕೂಸಿನ ರಕ್ತ ಪರೀಕ್ಷೆ ಮಾಡಿಸಿದಿರಿ. ರಿಪೋರ್ಟಿನಲ್ಲಿ ‘ಲಿಂಫೋಸೈಟ್ 60’, ಪಕ್ಕದಲ್ಲಿ ‘20–40’ ಎಂದು ಅಚ್ಚಾಗಿದೆ. ಎದೆ ಧಸಕ್ಕೆಂದಿತೇ? ತಾಳಿ. ಆ 20–40 ದೊಡ್ಡವರ ಲೆಕ್ಕ. ಎರಡು ವರ್ಷದ ಆರೋಗ್ಯವಂತ ಮಗುವಿಗೆ ಶೇ. 60 ಸಹಜವೇ, ನಾಲ್ಕೈದು ವರ್ಷದವರೆಗೂ ಲಿಂಫೋಸೈಟ್ ಎಂಬ ಈ ಬಿಳಿ ರಕ್ತಕಣಗಳದೇ ಮೇಲುಗೈ, ಆಮೇಲೆ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಮುಂದಾಗುತ್ತದೆ. ಒಟ್ಟು ಬಿಳಿ ರಕ್ತಕಣವೂ ಅಷ್ಟೇ: ದೊಡ್ಡವರಿಗೆ ಸುಮಾರು 11,000 ಮಿತಿಯಾದರೆ, ವರ್ಷದ ಕೂಸಿಗೆ 15,000 ಕೂಡ ಸಹಜವಿರಬಹುದು.

ಲ್ಯಾಬಿನ ಚೀಟಿಯಲ್ಲಿ ವಯಸ್ಸನ್ನು ತಿಂಗಳ ಸಮೇತ ಬರೆಸಿ. ‘ಬೇಬಿ’ ಎಂದಷ್ಟೇ ಬರೆದರೆ ಯಂತ್ರಕ್ಕೇನು ಗೊತ್ತು? ಅಂಕಿ ನೋಡಿ ಮನೆಯಲ್ಲುಳಿದ ಆಂಟಿಬಯಾಟಿಕ್ ಕುಡಿಸಬೇಡಿ. ಆದರೆ ಜ್ವರ ಇಳಿಯದಿದ್ದರೆ, ಮೈಮೇಲೆ ಕೆಂಪು ಚುಕ್ಕೆ ಕಂಡರೆ, ರಿಪೋರ್ಟು ಸರಿಯಿದ್ದರೂ ಅಂದೇ ಮಕ್ಕಳ ಡಾಕ್ಟರಿಗೆ ತೋರಿಸಿ.