ಗೃಹ ನವೀಕರಣವೂ ಗುತ್ತಿಗೆಯ ಕರಾರೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಒಡೆದು ಸರಿಪಡಿಸುವ ಕಷ್ಟವನ್ನು ಅವರು ಹೇಳದೆ ಬಿಟ್ಟರು. ಸಿಕಂದರಾಬಾದಿನ ಮಾರೇಡ್‌ಪಲ್ಲಿ, ಪದ್ಮಾರಾವ್ ನಗರಗಳಂತಹ ಹಳೆಯ ಬಡಾವಣೆಗಳಲ್ಲಿ ಈಗ ನವೀಕರಣದ ಕಾಲ. ಮನೆಯ ಯಜಮಾನರಿಗೂ, ಈ ಕೆಲಸವನ್ನೇ ಉದ್ಯಮವಾಗಿ ಕೈಗೊಂಡಿರುವ ಯುವಕರಿಗೂ ಉಪಯೋಗವಾಗಲೆಂದು ಈ ನಾಲ್ಕು ಮಾತುಗಳು.

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬ್ಯಾಂಕಿನಲ್ಲಿ ಸಹಿಯಿಲ್ಲದೆ ಒಂದು ರೂಪಾಯಿ ಸಾಲವನ್ನೂ ಬಿಡುಗಡೆ ಮಾಡದ ನಾನು, ನಮ್ಮ ಊರಿನ ಕಡೆಯವರೇ ಆದ ಗುತ್ತಿಗೆದಾರರೊಬ್ಬರಿಗೆ ಅಡಿಗೆಮನೆಯ ಕೆಲಸವನ್ನು ಬಾಯಿಮಾತಿನಲ್ಲೇ ಒಪ್ಪಿಸಿದೆ. 'ಪೂರ್ತಿ ಕೆಲಸ' ಎಂದರೆ ಕಟ್ಟೆ, ಸಿಂಕು, ಕೊಳಾಯಿಗಳೂ ಸೇರಿದವೆಂದು ನಾನು ಭಾವಿಸಿದ್ದೆ. ನೆಲ ಮತ್ತು ಗೋಡೆಯ ಟೈಲ್ಸ್ ಮಾತ್ರವೆಂದು ಅವರು ಭಾವಿಸಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಕೊನೆಗೆ 60,000 ರೂಪಾಯಿ ಹೆಚ್ಚಾಗಿ ತೆತ್ತೆ. ಹಣ ಹೋದುದಕ್ಕಿಂತಲೂ, ಯುಗಾದಿಯ ಕೂಟದಲ್ಲಿ ಪರಸ್ಪರ ಮುಖ ತಿರುಗಿಸಿ ಕುಳಿತುಕೊಳ್ಳುವಂತಾದುದೇ ದೊಡ್ಡ ನಷ್ಟವಾಯಿತು.

1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ, ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಬಾಯಿಮಾತಿನ ಕರಾರೂ ಊರ್ಜಿತವಾಗಬಹುದು. ಆದರೆ ಆಡಿದ ಮಾತನ್ನು ರುಜುವಾತುಪಡಿಸುವುದು ಕಷ್ಟ. ಆದುದರಿಂದ ಕರಾರಿನಲ್ಲಿ ಈ ಅಂಶಗಳಿರಬೇಕು:

1. ಕೆಲಸದ ವಿವರ: ಕೋಣೆವಾರು ಪಟ್ಟಿ, ಅಳತೆ, ಸಾಮಗ್ರಿಯ ಹೆಸರು ಮತ್ತು ದರ್ಜೆ. ಒಡೆದ ಮಣ್ಣು-ಇಟ್ಟಿಗೆಗಳನ್ನು ಸಾಗಿಸುವವರು ಯಾರು, ಬೆಲೆಯಲ್ಲಿ ಜಿ.ಎಸ್.ಟಿ. ಸೇರಿದೆಯೇ ಎಂಬುದನ್ನೂ ಬರೆಯಬೇಕು. ಯಾವುದು ಸೇರಿಲ್ಲವೆಂಬ ಪಟ್ಟಿಯೂ ಅಷ್ಟೇ ಅವಶ್ಯಕ.

2. ಹಣದ ಕಂತು: ಬ್ಯಾಂಕುಗಳು ಗೃಹನಿರ್ಮಾಣ ಸಾಲವನ್ನು ಕೆಲಸದ ಹಂತ ನೋಡಿ ಕೊಡುವಂತೆ ಇಲ್ಲಿಯೂ ಮಾಡಬಹುದು. ಉದಾಹರಣೆಗೆ, 4,00,000 ರೂಪಾಯಿಯ ಕೆಲಸಕ್ಕೆ ಮುಂಗಡ 40,000; ಒಡೆತ ಮತ್ತು ಕೊಳಾಯಿ ಕೆಲಸ ಮುಗಿದಾಗ 1,00,000; ಗಾರೆ, ಟೈಲ್ಸ್ ಮುಗಿದಾಗ 1,40,000; ಮರಗೆಲಸ, ಬಣ್ಣ ಮುಗಿದಾಗ 80,000; ನೀರು ಸೋರುವುದಿಲ್ಲವೆಂದು ಒಂದು ತಿಂಗಳು ಪರೀಕ್ಷಿಸಿದ ಮೇಲೆ ಉಳಿದ 40,000.

3. ಬದಲಾವಣೆ: ಹೆಚ್ಚುವರಿ ಕೆಲಸದ ಬೆಲೆಯನ್ನೂ ತಗಲುವ ದಿನಗಳನ್ನೂ ಮೊದಲೇ ಬರೆದು ಇಬ್ಬರೂ ಸಹಿ ಮಾಡಬೇಕು. ಗುತ್ತಿಗೆದಾರನಿಗೆ ನಷ್ಟವಾಗುವುದು ಬಹುಮಟ್ಟಿಗೆ ಇಲ್ಲಿಯೇ.

4. ಅವಧಿ: ಆರಂಭದ ಮತ್ತು ಮುಕ್ತಾಯದ ದಿನಾಂಕ. ವಿಳಂಬಕ್ಕೆ ಭಾರಿ ದಂಡ ಬರೆದರೆ ಅದೆಲ್ಲವೂ ದೊರೆಯುವುದೆಂದು ತಿಳಿಯಬಾರದು. 74ನೆಯ ಪ್ರಕರಣದಂತೆ, ಬರೆದ ಮೊತ್ತವನ್ನು ಮೀರದ ಸಮಂಜಸ ಪರಿಹಾರ ಮಾತ್ರ ಲಭಿಸುತ್ತದೆ.

5. ಅನುಮತಿ: ಗೋಡೆ, ಕಂಬಗಳನ್ನು ಬದಲಿಸುವುದಿದ್ದರೆ ಕಂಟೋನ್ಮೆಂಟಿನ ಅಥವಾ ಪಾಲಿಕೆಯ ಅನುಮತಿ ಬೇಕೇ, ಅದನ್ನು ಪಡೆಯುವವರು ಯಾರು ಎಂಬುದು ಸ್ಪಷ್ಟವಾಗಿರಲಿ.

6. ಭಾಷೆ: ಇಲ್ಲಿ ಅನೇಕ ಮೇಸ್ತ್ರಿಗಳು ಓದುವುದು ತೆಲುಗು. ಅವರಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಸಹಿ ಪಡೆಯುವುದು ನ್ಯಾಯವಲ್ಲ. ಅವರ ಭಾಷೆಯಲ್ಲಿ ಬರೆಸಿ, ಓದಿ ಹೇಳಿ, ಒಂದು ಪ್ರತಿಯನ್ನು ಅವರಿಗೂ ಕೊಡಬೇಕು.

ಇತ್ತೀಚೆಗೆ ನಮ್ಮ ಸ್ನಾನಗೃಹದ ಕೆಲಸಕ್ಕೆ ಬೇರೊಬ್ಬ ಗುತ್ತಿಗೆದಾರರೊಡನೆ ಎರಡು ಪುಟದ ಕರಾರು ಬರೆದುಕೊಂಡೆವು. ನಡುವೆ ಎರಡು ಬಾರಿ ಭಿನ್ನಾಭಿಪ್ರಾಯ ಬಂದಿತು. ಎರಡು ಬಾರಿಯೂ ಕಾಗದವನ್ನು ತೆಗೆದು ನೋಡಿದೆವು. ಕೊನೆಯ ಕಂತು ಕೊಟ್ಟ ದಿನ ಅವರು ನಮ್ಮ ಮನೆಯಲ್ಲಿಯೇ ಊಟ ಮಾಡಿ ಹೋದರು.